ಗಿಡಗಳು ಹುಲುಸಾಗಿವೆ, ತೊಟ್ಟಿ ಮಾತ್ರ ಕಣ್ಣಿಗೆ ಒಪ್ಪುತ್ತಿಲ್ಲ

ಪ್ರಶ್ನೆ: ನನ್ನ ಅಕ್ವೇರಿಯಂ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರ ಇದೆ. ಹನ್ನೊಂದು ಬಗೆಯ ಗಿಡಗಳಿವೆ. ಪಾಚಿಯ ಕಾಟ ಇಲ್ಲ, ಎಲ್ಲವೂ ಚೆನ್ನಾಗಿ ಬೆಳೆಯುತ್ತಿವೆ. ನಡುವೆ ದೊಡ್ಡ ಕಲ್ಲು, ಎರಡೂ ಪಕ್ಕಕ್ಕೆ ಒಂದೊಂದು ಡ್ರಿಫ್ಟ್‌ವುಡ್ (ಅಲಂಕಾರದ ಒಣ ಮರದ ತುಂಡು) ಇಟ್ಟಿದ್ದೇನೆ. ಆದರೂ ಗಿಡ ತುರುಕಿದ ಪೆಟ್ಟಿಗೆಯಂತೆ ಕಾಣುತ್ತದೆ, ನೋಟ ಎಲ್ಲೂ ನಿಲ್ಲುವುದಿಲ್ಲ. ಏನು ಬದಲಿಸಲಿ?

ಉತ್ತರ: ಕಷ್ಟದ ಕೆಲಸವನ್ನು ನೀವು ಆಗಲೇ ಮುಗಿಸಿದ್ದೀರಿ. ಗಿಡಗಳ ಆರೋಗ್ಯ ಕೈಗೆ ಹತ್ತದೆ ಸೋತವರೇ ಹೆಚ್ಚು. ಈಗ ಉಳಿದಿರುವುದು ಜೋಡಣೆ. ಅದರಲ್ಲೂ ಒಂದೇ ವಿಷಯಕ್ಕೆ ಮೊದಲು ಗಮನ ಕೊಡಿ: ಆಳ, ಅಂದರೆ ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ ಕಾಣುವ ದೂರ.

ಖಾಲಿ ತೊಟ್ಟಿಗೆ ನೀರು ತುಂಬಿಸುವಾಗ ಹಿಂದಿನ ಗಾಜು ಮುಂದಕ್ಕೆ ಸರಿದು ಬಂದಂತೆ ಕಂಡಿರಬೇಕಲ್ಲವೇ? ಅದು ಭ್ರಮೆಯಾದರೂ ಅದಕ್ಕೆ ಲೆಕ್ಕವಿದೆ. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 1.33. ಹಾಗಾಗಿ ಎದುರಿನಿಂದ ನೋಡಿದಾಗ ನಿಮ್ಮ 30 ಸೆಂ.ಮೀ. ಅಗಲ ಸುಮಾರು 22 ಸೆಂ.ಮೀ. ಇದ್ದಂತೆ ಕಾಣುತ್ತದೆ. ಅಂದರೆ ಕಾಲು ಭಾಗ ಆಳವನ್ನು ನೀರೇ ನುಂಗಿಬಿಡುತ್ತದೆ. ಅದನ್ನು ಮರಳಿ ಕಾಣಿಸುವುದೇ ಜೋಡಣೆಯ ಮೊದಲ ಕೆಲಸ.

ಮಣ್ಣಿನಿಂದ ಶುರು ಮಾಡಿ. ಮುಂದೆ 3 ಸೆಂ.ಮೀ., ಹಿಂದೆ 12 ಸೆಂ.ಮೀ. ಬರುವಂತೆ ಇಳಿಜಾರು ಕೊಡಿ. ಇಳಿಜಾರು ದಿನ ಕಳೆದಂತೆ ಜಾರುತ್ತದೆ. ಗದ್ದೆಗೆ ಬದು ಹಾಕುವ ಹಾಗೆ ಮಣ್ಣಿನೊಳಗೆ ಅಡ್ಡಲಾಗಿ ಚಪ್ಪಟೆ ಕಲ್ಲುಗಳನ್ನು ಹೂತಿಟ್ಟರೆ ನಿಲ್ಲುತ್ತದೆ.

ಇನ್ನು ದೊಡ್ಡ ಕಲ್ಲು. ಅದನ್ನು ನಡುವಿನಿಂದ ತೆಗೆಯಲೇಬೇಕು. ನಟ್ಟನಡುವೆ ಇದ್ದರೆ ಎಡ ಬಲ ಎರಡೂ ಸಮತೂಕವಾಗಿ, ಕಣ್ಣಿಗೆ ಓಡಾಡಲು ಕಾರಣವೇ ಉಳಿಯುವುದಿಲ್ಲ. ಸುವರ್ಣಾನುಪಾತ 1:1.618ರ ಪ್ರಕಾರ 60 ಸೆಂ.ಮೀ. ಉದ್ದವನ್ನು ಹಂಚಿದರೆ 23 ಮತ್ತು 37 ಬರುತ್ತದೆ. ಒಂದು ಬದಿಯಿಂದ 23 ಸೆಂ.ಮೀ. ಅಳೆದು, ಅಲ್ಲಿ ಕಲ್ಲಿನ ತುದಿ ಬರುವಂತೆ ಇಡಿ. ಮೂರರಲ್ಲಿ ಒಂದು ಭಾಗದ ಲೆಕ್ಕದಲ್ಲಿ 20ಕ್ಕೆ ಇಟ್ಟರೂ ನಷ್ಟವಿಲ್ಲ.

ಕಲ್ಲನ್ನು ಇಡುವ ಬಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ತೊಟ್ಟಿ ಸಹಜವಾಗಿ ಕಾಣುವುದೂ ಕೃತಕವಾಗಿ ಕಾಣುವುದೂ ಇಲ್ಲೇ ತೀರ್ಮಾನವಾಗುವುದು. ಕಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅದರ ಮೈಮೇಲೆ ಗೆರೆಗಳಿರುತ್ತವೆ, ಬಿರುಕುಗಳಿರುತ್ತವೆ. ಅವು ಒಂದು ದಿಕ್ಕಿಗೆ ಹರಿಯುತ್ತಿರುತ್ತವೆ. ಪಕ್ಕಕ್ಕೆ ಇಡುವ ಚಿಕ್ಕ ಕಲ್ಲುಗಳ ಗೆರೆಗಳೂ ಅದೇ ದಿಕ್ಕಿಗೆ ಇರಲಿ. ಆಗ ಅವೆಲ್ಲ ಒಂದೇ ಬಂಡೆಯಿಂದ ಒಡೆದು ಬಿದ್ದಂತೆ ತೋರುತ್ತವೆ. ಬುಡವನ್ನು ಮಣ್ಣಿನೊಳಗೆ ಹೂತು, ಸ್ವಲ್ಪ ವಾಲಿಸಿ. ಮಣ್ಣಿನ ಮೇಲೆ ಸುಮ್ಮನೆ ಕೂರಿಸಿದ ಕಲ್ಲು ಯಾರೋ ತಂದಿಟ್ಟಂತೆಯೇ ಕಾಣುತ್ತದೆ. ಕಲ್ಲುಗಳನ್ನೇ ಮುಖ್ಯವಾಗಿಟ್ಟು ಜೋಡಿಸುವ ಜಪಾನಿನ ಇವಾಗುಮಿ ಶೈಲಿಯಲ್ಲಿ ಕಲ್ಲುಗಳ ಸಂಖ್ಯೆ ಬೆಸವಾಗಿರುತ್ತದೆ, ಮುಖ್ಯ ಕಲ್ಲಿನ ಎತ್ತರಕ್ಕೆ ಉಳಿದವು ಸಾಟಿಯಾಗುವುದಿಲ್ಲ. ಎರಡು ಡ್ರಿಫ್ಟ್‌ವುಡ್‌ಗಳಲ್ಲಿ ಒಂದನ್ನು ತೆಗೆದುಬಿಡಿ. ಇನ್ನೊಂದು ಕಲ್ಲಿನ ಬುಡದಿಂದಲೇ ಹೊರಟು ಖಾಲಿ ಬದಿಯ ಕಡೆಗೆ ಚಾಚಲಿ.

ಹೌದು, ಖಾಲಿ ಬದಿ. ಅಗಲವಾದ ಆ 37 ಸೆಂ.ಮೀ. ಭಾಗವನ್ನು ತುಂಬಬೇಡಿ. ಅಲ್ಲಿ ಮರಳಿನ ದಾರಿ ಮಾಡಿ: ಮುಂದೆ 8 ಸೆಂ.ಮೀ. ಅಗಲ, ಹಿಂದೆ ಹೋದಂತೆ 2 ಸೆಂ.ಮೀ.ಗೆ ಕಿರಿದಾಗಿ, ಕಲ್ಲಿನ ಹಿಂದೆ ತಿರುಗಿ ಮರೆಯಾಗಲಿ. ದಾರಿ ಎಲ್ಲಿ ಮುಗಿಯಿತೆಂದು ಕಾಣದಿದ್ದರೆ ಮುಂದೆ ಇನ್ನೂ ಜಾಗವಿದೆ ಎಂದೇ ಕಣ್ಣು ನಂಬುತ್ತದೆ.

ಹನ್ನೊಂದು ಬಗೆ ಗಿಡ ಈ ಅಳತೆಗೆ ಹೆಚ್ಚಾಯಿತು, ಐದು ಸಾಕು. ದೊಡ್ಡ ಎಲೆಯವು ಮುಂದಕ್ಕೆ, ಸಣ್ಣ ಎಲೆಯವು ಹಿಂದಕ್ಕೆ. ಕಲ್ಲಿನ ಬುಡದ ನೆರಳಿಗೆ ಅನುಬಿಯಾಸ್ ನಾನಾ ಒಪ್ಪುತ್ತದೆ. ಅದರ ಗೆಡ್ಡೆಯಂಥ ಕಾಂಡವನ್ನು ಮಣ್ಣಿನಲ್ಲಿ ಹೂಳಬೇಡಿ, ಕೊಳೆಯುತ್ತದೆ. ಹಿಂದೆ ರೊಟಾಲಾ ಎಂಬ ಕಾಂಡದ ಗಿಡ ಸಾಕು. ಕೆಂಪು ಗಿಡ ಒಂದೇ ಕಡೆ ಇರಲಿ, ಕಲ್ಲಿನ ಓರೆಗೆ. ಸುತ್ತ ಹಸಿರಿದ್ದಾಗಲೇ ಕೆಂಪಿಗೆ ಬೆಲೆ.

ನೀರು ತುಂಬುವ ಮೊದಲು ಎದುರಿನಿಂದ ಫೋನಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪಿಗೆ ಬದಲಿಸಿ. ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗಿದರೆ ಕಲ್ಲಿಗೆ ಸಾಲುವಷ್ಟು ನೆರಳಿಲ್ಲ ಎಂದರ್ಥ. ಗಿಡಗಳ ಅಕ್ವೇರಿಯಂಗೆ ಹೊಸ ದಾರಿ ಹಾಕಿಕೊಟ್ಟ ತಕಾಶಿ ಅಮಾನೊ (1954–2015) ಪ್ರಕೃತಿ ಛಾಯಾಗ್ರಾಹಕರೂ ಆಗಿದ್ದರು. ಕ್ಯಾಮೆರಾದ ಕಣ್ಣಿಗೆ ಒಪ್ಪುವ ಜೋಡಣೆ ನಮ್ಮ ಕಣ್ಣಿಗೂ ಒಪ್ಪುತ್ತದೆ ಎಂಬುದಕ್ಕೆ ಅವರ ತೊಟ್ಟಿಗಳೇ ಸಾಕ್ಷಿ.

ಪ್ರಶ್ನೆ: ನೆಟ್ಟಾಗ ಅಂದವಾಗಿದ್ದ ಜೋಡಣೆ ಎರಡೇ ತಿಂಗಳಲ್ಲಿ ಕಾಡಾಗುತ್ತದೆ. ಕಲ್ಲುಗಳೇ ಕಾಣುವುದಿಲ್ಲ. ಚಿಕ್ಕ ಗಿಡ ಹಾಕಬೇಕಿತ್ತೇ?

ಉತ್ತರ: ಗಿಡ ಬದಲಿಸಬೇಡಿ, ಕತ್ತರಿ ಹಿಡಿಯಿರಿ. ಕಾಂಡದ ಗಿಡವನ್ನು ಕತ್ತರಿಸಿದ ಕಡೆ ಸಾಮಾನ್ಯವಾಗಿ ಎರಡು ಚಿಗುರು ಬರುತ್ತವೆ. ಆದ್ದರಿಂದ ಮೊದಲ ಸಲ ನಿಮಗೆ ಬೇಕಾದ ಎತ್ತರಕ್ಕಿಂತ ಕೆಳಗೇ ಕತ್ತರಿಸಿ, ಮನಸ್ಸು ಹಿಂಜರಿದರೂ ಸರಿ. ಎಲ್ಲವನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿದರೆ ಬೇಲಿಯಾಗುತ್ತದೆ. ಕಲ್ಲಿನ ಹತ್ತಿರ ಗಿಡ್ಡ, ಮೂಲೆಗೆ ಹೋದಂತೆ ಎತ್ತರ ಬಿಡುತ್ತಾ ಗುಡ್ಡದ ಬೆನ್ನಿನಂತೆ ಬಾಗಿಸಿ. ಮುಖ್ಯ ಕಲ್ಲನ್ನು ಮಾತ್ರ ಮೊದಲೇ ತುಸು ಅತಿಯಾಯಿತು ಅನ್ನಿಸುವಷ್ಟು ಎತ್ತರದ್ದು ಆರಿಸಬೇಕು, ನೆಲ ಮುಚ್ಚುವ ಗಿಡಗಳ ಹಾಸು ದಟ್ಟವಾದ ಮೇಲೆ ಅದು ಹದಕ್ಕೆ ಬರುತ್ತದೆ. ಚಿಕ್ಕ ಕಲ್ಲುಗಳು ಮುಚ್ಚಿಹೋದರೆ ಬೇಸರ ಬೇಡ. ಇವಾಗುಮಿಯಲ್ಲಿ ತೀರಾ ಚಿಕ್ಕ ಕಲ್ಲನ್ನು ಸುತೆಇಶಿ, ಅಂದರೆ ಬಿಟ್ಟುಕೊಡುವ ಕಲ್ಲು ಎನ್ನುತ್ತಾರೆ. ಗಿಡ ಅದನ್ನು ಮುಚ್ಚಿದರೂ ಮುಚ್ಚಲಿ ಎಂದೇ ಇಟ್ಟಿರುತ್ತಾರೆ.