ಪಿತ್ತಕೋಶದ ಕಲ್ಲಿಗೆ ಎಣ್ಣೆ-ನಿಂಬೆರಸ, ಲಿವರ್‌ಗೆ ಕಷಾಯ: ಎಷ್ಟು ಸರಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಲಿವರ್ ಮತ್ತು ಪಿತ್ತಕೋಶದ ಬಗ್ಗೆಯೇ. ಹೆಚ್ಚಿನವರ ಆಸೆ ಒಂದೇ: ಔಷಧಿ, ಆಪರೇಷನ್ ಇಲ್ಲದೆ ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದಾ? ಮಾಡಿಕೊಳ್ಳುವಂಥದ್ದು ಖಂಡಿತ ಇದೆ. ಆದರೆ ಮನೆಮದ್ದು ಎಂದು ಫೋನಿನಿಂದ ಫೋನಿಗೆ ಹೋಗುತ್ತಿರುವ ಕೆಲವು ವಿಷಯ ನೋಡಿ ನನಗೆ ನಿಜಕ್ಕೂ ಆತಂಕವಾಗಿದೆ. ಅದಕ್ಕೇ ಮೊದಲ ಉತ್ತರ ಸ್ವಲ್ಪ ಉದ್ದ.

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ಊಟ ಆದ ಮೇಲೆ ಒಮ್ಮೊಮ್ಮೆ ಬಲಪಕ್ಕೆಯ ಕೆಳಗೆ ನೋವು ಬರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ 9 ಮಿ.ಮೀ. ಕಲ್ಲು ಕಂಡಿದೆ. ಡಾಕ್ಟರ್ ಆಪರೇಷನ್ ಮಾಡಿಸಿ ಎಂದರು. ವಾಟ್ಸ್ಆ್ಯಪ್‌ನಲ್ಲಿ ಬಂದಂತೆ ಐದು ದಿನ ಸೇಬಿನ ಜ್ಯೂಸ್ ಕುಡಿಸಿ, ಆರನೇ ದಿನ ಎಪ್ಸಮ್ ಸಾಲ್ಟ್ ಕೊಟ್ಟು, ರಾತ್ರಿ ಅರ್ಧ ಲೋಟ ಆಲಿವ್ ಎಣ್ಣೆಗೆ ನಿಂಬೆರಸ ಹಾಕಿ ಕುಡಿಸಿದೆವು. ಬೆಳಿಗ್ಗೆ ಮಲದಲ್ಲಿ ಹಸಿರು ಬಣ್ಣದ ತುಂಬಾ ಕಲ್ಲುಗಳು ಬಂದವು. ಇನ್ನು ಆಪರೇಷನ್ ಬೇಡ ಅಲ್ವಾ ಡಾಕ್ಟ್ರೇ?
— ಓದುಗರು, ದಾವಣಗೆರೆ

ಉತ್ತರ: ತಾಯಿಯವರಿಗೆ ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ, ಹಳೇ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ಆ 9 ಮಿ.ಮೀ. ಕಲ್ಲು ಇದ್ದ ಜಾಗದಲ್ಲೇ ಇರುತ್ತದೆ ಎಂದೇ ನನ್ನ ನಿರೀಕ್ಷೆ.

ಹಾಗಾದರೆ ಬೆಳಿಗ್ಗೆ ಬಂದದ್ದೇನು? ಇದೇ ಪ್ರಶ್ನೆ ನ್ಯೂಜಿಲೆಂಡ್‌ನ ವೈದ್ಯರಿಗೂ ಬಂದಿತ್ತು. 40 ವರ್ಷದ ಮಹಿಳೆಯೊಬ್ಬರು ಇಂಥದ್ದೇ ಎಣ್ಣೆ-ನಿಂಬೆರಸ ಕುಡಿದು, ಹೊರಗೆ ಬಂದ ಹಸಿರು ಉಂಡೆಗಳನ್ನು ತಂದು ತೋರಿಸಿದ್ದರು. ವೈದ್ಯರು ಅವನ್ನು ಪರೀಕ್ಷೆ ಮಾಡಿದರು. ಕೊಲೆಸ್ಟ್ರಾಲ್ ಇರಲಿಲ್ಲ, ಪಿತ್ತರಸಕ್ಕೆ ಹಳದಿ ಬಣ್ಣ ಕೊಡುವ ಬಿಲಿರುಬಿನ್ ಇರಲಿಲ್ಲ, ಕ್ಯಾಲ್ಸಿಯಂ ಕೂಡ ಇರಲಿಲ್ಲ. ಪಿತ್ತಕೋಶದ ಕಲ್ಲುಗಳು ಆಗುವುದೇ ಇವುಗಳಿಂದ. 40 ಡಿಗ್ರಿ ಶಾಖದಲ್ಲಿ ಹತ್ತು ನಿಮಿಷ ಇಟ್ಟಾಗ ಉಂಡೆಗಳು ಕರಗಿ ಹಸಿರು ಎಣ್ಣೆಯಾದವು. ಕುಡಿದ ಎಣ್ಣೆಯೇ ಕರುಳಿನಲ್ಲಿ ಜೀರ್ಣರಸಗಳ ಜೊತೆ ಸೇರಿ ಸಾಬೂನಿನ ಉಂಡೆಯಾಗಿತ್ತು. 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ದಾವಣಗೆರೆಯ ಬೇಸಿಗೆ ಬಿಸಿಲಿಗೆ ಕರಗಿಹೋಗುವ ಕಲ್ಲು ಯಾರ ಪಿತ್ತಕೋಶದಲ್ಲೂ ಇರುವುದಿಲ್ಲ.

ಕಲ್ಲು ಹೋಗದಿದ್ದರೆ ಬೇಡ, ಕುಡಿದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಇದೆ. ಲಿವರ್ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್‌ನಿಂದ ಒಂದು ಲೀಟರ್‌ವರೆಗೆ ಪಿತ್ತರಸ ಮಾಡುತ್ತದೆ. ಅದರಲ್ಲಿ ಸ್ವಲ್ಪ ಭಾಗ ಗಟ್ಟಿಯಾಗಿ ಪಿತ್ತಕೋಶದಲ್ಲಿ ಕೂತಿರುತ್ತದೆ. ಜಿಡ್ಡಿನ ಊಟ ಕರುಳಿಗೆ ಇಳಿದ ತಕ್ಷಣ ಪಿತ್ತಕೋಶ ಹಿಂಡಿಕೊಂಡು ರಸವನ್ನು ಬಿಡುತ್ತದೆ. ಅರ್ಧ ಲೋಟ ಎಣ್ಣೆ ಒಟ್ಟಿಗೆ ಹೋದರೆ ಈ ಹಿಂಡುವಿಕೆ ಜೋರಾಗಿರುತ್ತದೆ. ಒಳಗೆ ಕಲ್ಲಿದ್ದರೆ ಅದು ಪಿತ್ತಕೋಶದ ಬಾಯಿಗೆ ಸಿಕ್ಕಿಕೊಳ್ಳಬಹುದು. ಸಣ್ಣ ಕಲ್ಲಾದರೆ ಪಿತ್ತನಾಳಕ್ಕೆ ಜಾರಿ ಕಾಮಾಲೆ ತರಬಹುದು. ಹಾಗೆ ಜಾರಿದ ಕಲ್ಲಿನಿಂದ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಉರಿದು ಊದಿಕೊಂಡರಂತೂ ಜೀವಕ್ಕೇ ಕುತ್ತು. ಎಪ್ಸಮ್ ಸಾಲ್ಟ್‌ನಿಂದ ಆಗುವ ಭೇದಿಯೂ ವಯಸ್ಸಾದವರನ್ನು ಸುಸ್ತು ಮಾಡುತ್ತದೆ. ದಯವಿಟ್ಟು ಇನ್ನೊಮ್ಮೆ ಮಾಡಬೇಡಿ, ಆ ಮೆಸೇಜನ್ನು ಯಾರಿಗೂ ಕಳಿಸಲೂಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಕಲ್ಲು ಎಂದ ಕೂಡಲೇ ನಮ್ಮ ಕಡೆ ಬಾಳೆದಿಂಡಿನ ರಸ, ಹುರುಳಿಕಾಳಿನ ಕಟ್ಟು ಕೊಡುತ್ತಾರೆ. ಅದು ಮೂತ್ರಪಿಂಡದ ಕಲ್ಲಿಗೆ ರೂಢಿಯಲ್ಲಿರುವ ಮನೆಮದ್ದು. ಆ ಕಲ್ಲು ಇರುವುದು ಮೂತ್ರದ ದಾರಿಯಲ್ಲಿ. ನೀರು ಜಾಸ್ತಿ ಕುಡಿದು, ಮೂತ್ರ ಜಾಸ್ತಿಯಾದರೆ ಸಣ್ಣ ಕಲ್ಲು ಹೊರಗೆ ಬರಬಹುದು. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಹುರುಳಿ ಸಾರು ಊಟಕ್ಕೆ ಒಳ್ಳೆಯದು, ಚೆನ್ನಾಗಿ ಉಣ್ಣಿ. ಪಿತ್ತಕೋಶದ ಕಲ್ಲು ಮಾತ್ರ ಅದರಿಂದ ಕರಗುವುದಿಲ್ಲ.

ಈಗ ಆಪರೇಷನ್ ವಿಷಯ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿದೆ, ನೋವೇನೂ ಇಲ್ಲ ಎನ್ನುವವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಿಲ್ಲ. ಗಮನ ಇಟ್ಟರೆ ಸಾಕು. ನಿಮ್ಮ ತಾಯಿಯವರ ವಿಷಯ ಹಾಗಲ್ಲ. ಊಟದ ನಂತರ ನೋವು ಶುರುವಾಗಿದೆ. ಒಮ್ಮೆ ನೋವು ಕೊಟ್ಟ ಕಲ್ಲು ಮತ್ತೆ ಕೊಡುವ ಸಾಧ್ಯತೆ ಜಾಸ್ತಿ. ಡಾಕ್ಟರ್ ಹೇಳಿದ್ದು ಸರಿಯಾಗೇ ಇದೆ. ಸಣ್ಣ ರಂಧ್ರಗಳಿಂದ ಮಾಡುವ ಲ್ಯಾಪರೋಸ್ಕೋಪಿ ಆಪರೇಷನ್ ಇದು. ತೊಂದರೆ ಇಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಪಿತ್ತಕೋಶ ತೆಗೆದರೂ ಲಿವರ್ ಪಿತ್ತರಸ ಮಾಡುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ಹೋಗುತ್ತದೆ. ಕಲ್ಲು ಕರಗಿಸುವ ಅರ್ಸೋಡಿಯಾಕ್ಸಿಕೋಲಿಕ್ ಆ್ಯಸಿಡ್ ಮಾತ್ರೆ ಇದೆ. ಆದರೆ ಅದು ಕೆಲಸ ಮಾಡುವುದು ಕೆಲವು ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳಿಗೆ ಮಾತ್ರ. ತಿಂಗಳುಗಟ್ಟಲೆ ತಗೋಬೇಕು, ಕಲ್ಲು ಮತ್ತೆ ಆಗುವುದೂ ಉಂಟು.

ಆಪರೇಷನ್ ದಿನ ಬರುವವರೆಗೆ ಕರಿದದ್ದು ಬಿಡಿಸಿ. ಹೊತ್ತುಹೊತ್ತಿಗೆ ಮಿತವಾಗಿ ಊಟ ಕೊಡಿ. ಜ್ವರ, ಚಳಿ ನಡುಕ, ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮಲ ಬೂದಿ ಬಣ್ಣ, ಗಂಟೆಗಟ್ಟಲೆ ಇಳಿಯದ ನೋವು: ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೇ ಆಗಲಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನನಗೆ 41 ವರ್ಷ, ಸಾಫ್ಟ್‌ವೇರ್ ಕೆಲಸ. ಎತ್ತರ 5 ಅಡಿ 6 ಇಂಚು, ತೂಕ 82 ಕೆ.ಜಿ. ಸಸ್ಯಾಹಾರಿ, ಕುಡಿಯುವ ಅಭ್ಯಾಸ ಇಲ್ಲ. ಆದರೂ ಸ್ಕ್ಯಾನ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಬಂದಿದೆ. ಬೆಳಿಗ್ಗೆ ಎರಡು ಸ್ಟ್ರಾಂಗ್ ಕಾಫಿ, ಇಡ್ಲಿ-ವಡೆ, ಮಧ್ಯಾಹ್ನ ಅನ್ನ-ಸಾಂಬಾರು, ಸಂಜೆ ಬೇಕರಿ ಪಫ್ಸ್ ಮತ್ತು ಟೀ, ರಾತ್ರಿ ಹತ್ತು ಗಂಟೆಗೆ ಮತ್ತೆ ಅನ್ನ. ಲಿವರ್ ಡಿಟಾಕ್ಸ್ ಮಾಡಲು ಯಾವ ಜ್ಯೂಸ್ ಒಳ್ಳೆಯದು?
— ಓದುಗರು, ಬೆಂಗಳೂರು

ಉತ್ತರ: ಯಾವ ಜ್ಯೂಸೂ ಬೇಡ. ರಕ್ತದಲ್ಲಿರುವ ಬೇಡದ್ದನ್ನು ಬೇರೆ ಮಾಡಿ ಹೊರಗೆ ಹಾಕುವ ಕೆಲಸ ಲಿವರ್‌ನದ್ದೇ. ನಿಮ್ಮ ಲಿವರ್‌ನಲ್ಲಿ ಕೂತಿರುವುದು ಕೊಬ್ಬು. ಅದು ಇಳಿಯಬೇಕಾದರೆ ದೇಹ ಅದನ್ನು ಖರ್ಚು ಮಾಡಬೇಕು. ಅದರಲ್ಲೂ ಹಣ್ಣಿನ ಜ್ಯೂಸ್ ನಿಮಗೆ ಉಲ್ಟಾ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು-ನಾಲ್ಕು ಹಣ್ಣು ಬೇಕು. ನಾರೆಲ್ಲ ಜಾಲರಿಯಲ್ಲಿ ಉಳಿದು, ಸಕ್ಕರೆ ಮಾತ್ರ ಒಳಗೆ ಹೋಗುತ್ತದೆ. ಆ ಸಕ್ಕರೆಯಲ್ಲಿರುವ ಫ್ರಕ್ಟೋಸನ್ನು ಹೆಚ್ಚಾಗಿ ಲಿವರ್ರೇ ನಿಭಾಯಿಸಬೇಕು, ಹೆಚ್ಚಾದರೆ ಅದನ್ನು ಕೊಬ್ಬು ಮಾಡಿಟ್ಟುಕೊಳ್ಳುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ.

ಕುಡಿಯದವರಿಗೆ ಲಿವರ್ ತೊಂದರೆ ಹೇಗೆ ಬಂತು ಎಂದು ಬೇಜಾರಾಗಬೇಡಿ. ಇದು ಈಗ ಎಷ್ಟು ಸಾಮಾನ್ಯ ಎಂದರೆ, 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ಜೊತೆಗೆ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಕ್ಕೆ ಸೇರಿಸಿತು. ಸೊಂಟದ ಸುತ್ತಳತೆ ನೋಡಿಕೊಳ್ಳಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು.

ಒಳ್ಳೆ ಸುದ್ದಿ ಏನೆಂದರೆ ಈ ಹಂತದಿಂದ ಲಿವರ್ ವಾಪಸ್ ಬರುತ್ತದೆ. ತೂಕದಲ್ಲಿ ನೂರಕ್ಕೆ ಐದು ಭಾಗ, ಅಂದರೆ ನಿಮಗೆ 4 ಕೆ.ಜಿ. ಇಳಿದರೆ ಲಿವರ್‌ನ ಕೊಬ್ಬು ಕಡಿಮೆ ಆಗತೊಡಗುತ್ತದೆ. 6ರಿಂದ 8 ಕೆ.ಜಿ. ಇಳಿದರೆ ಉರಿಯೂತವೂ ತಗ್ಗುತ್ತದೆ. ಆದರೆ ನಿಧಾನವಾಗಿ ಇಳಿಸಿ. ವಾರಕ್ಕೆ ಅರ್ಧ ಕೆ.ಜಿ. ಸಾಕು. ಬರೀ ನೀರು, ಬರೀ ಜ್ಯೂಸ್ ಎಂದು ಉಪವಾಸ ಕೂತು ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ಜಾಸ್ತಿ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲು ಆಗುವ ಸಾಧ್ಯತೆ ಹೆಚ್ಚುತ್ತದೆ. ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾಗುತ್ತದೆ, ಊಟ ಇಲ್ಲದೆ ಪಿತ್ತಕೋಶ ಖಾಲಿಯೂ ಆಗುವುದಿಲ್ಲ. ಎಣ್ಣೆಯನ್ನು ಪೂರ್ತಿ ಬಿಡಬೇಡಿ ಎನ್ನುವುದೂ ಇದಕ್ಕೇ. ಒಗ್ಗರಣೆಗೆ ಒಂದೆರಡು ಚಮಚ ಇರಲಿ.

ನೀವು ಬರೆದ ಊಟದಲ್ಲಿ ಅನ್ನ ಎರಡು ಹೊತ್ತು ಇದೆ, ಪಲ್ಯ ಒಂದು ಹೊತ್ತೂ ಇಲ್ಲ. ಮೊದಲು ಅದನ್ನು ಸರಿಮಾಡಿ. ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪಿನ ಪಲ್ಯ, ಹುರುಳಿಕಾಯಿ, ಸೋರೆಕಾಯಿ, ಸೌತೆಕಾಯಿ ಕೋಸಂಬರಿ ಏನಾದರೂ ಬರಲಿ. ಅನ್ನವನ್ನು ಕಾಲು ಭಾಗಕ್ಕೆ ಇಳಿಸಿ, ಉಳಿದ ಕಾಲಿಗೆ ಮೊಳಕೆ ಹೆಸರುಕಾಳು ಅಥವಾ ಗಟ್ಟಿ ಬೇಳೆ ಹಾಕಿಕೊಳ್ಳಿ. ಬಸ್ಸಾರು ಮಾಡುವ ಮನೆಯಾದರೆ ಇದು ಕಷ್ಟವೇ ಅಲ್ಲ, ಕಾಳು-ಸೊಪ್ಪಿನ ಪಲ್ಯ ಅದರ ಜೊತೆಗೇ ಆಗುತ್ತದೆ. ರಾಗಿ ಒಳ್ಳೆಯದು ಎಂದು ದೊಡ್ಡ ಮುದ್ದೆ ಎರಡೆರಡು ಉಣ್ಣಬೇಡಿ, ಅಳತೆ ಅದಕ್ಕೂ ಇದೆ. ಪಫ್ಸ್ ಜಾಗಕ್ಕೆ ಒಂದು ಹಿಡಿ ಹುರಿಗಡಲೆ ಅಥವಾ ಶೇಂಗಾ. ರಾತ್ರಿ ಊಟ ಎಂಟಕ್ಕೆ ಬಂದರೆ ಉತ್ತಮ. ಊಟ ಆದ ಮೇಲೆ ಹದಿನೈದು ನಿಮಿಷ ಸುಮ್ನೆ ನಡೆಯಿರಿ. ಇದರ ಜೊತೆ ದಿನಕ್ಕೆ ಅರ್ಧ ಗಂಟೆ ಚುರುಕಾದ ನಡಿಗೆ, ವಾರಕ್ಕೆ ಐದು ದಿನ.

ನಿಮ್ಮ ಡಾಕ್ಟರ್ ಹತ್ತಿರ ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ನೋಡಿಸಿ. ಹೆಪಟೈಟಿಸ್ ಬಿ ಮತ್ತು ಸಿ ಒಮ್ಮೆ ಪರೀಕ್ಷೆ ಆಗಲಿ. ಫಿಬ್-4 ಲೆಕ್ಕ ಹಾಕಲು ಕೇಳಿ. ವಯಸ್ಸು, ಪ್ಲೇಟ್‌ಲೆಟ್ ಮತ್ತು ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎರಡು ಲಿವರ್ ಎನ್‌ಜೈಮ್ ಸಾಕು, ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಎಷ್ಟು ಎಂದು ಅಂದಾಜು ಸಿಗುತ್ತದೆ.

ಪ್ರಶ್ನೆ: ರಕ್ತದಾನ ಮಾಡಲು ಹೋದಾಗ ಅಪ್ಪನಿಗೆ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಯಿತು. ಊರಲ್ಲಿ ನೆಲನೆಲ್ಲಿ ಅರೆದು ಕೊಡುತ್ತಿದ್ದೇವೆ. ಕೋವಿಡ್ ಕಾಲದಿಂದ ದಿನವೂ ಅಮೃತಬಳ್ಳಿ ಕಷಾಯವನ್ನೂ ಕುಡಿಯುತ್ತಾರೆ. ಸಾಕಾ?
— ಓದುಗರು, ಶಿರಸಿ

ಉತ್ತರ: ನೆಲನೆಲ್ಲಿಯ ಮೇಲಿನ ನಂಬಿಕೆಯನ್ನು ವಿಜ್ಞಾನಿಗಳು ಗಂಭೀರವಾಗಿಯೇ ತೆಗೆದುಕೊಂಡಿದ್ದರು. ಮದ್ರಾಸಿನಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ ಒಂದು ತಿಂಗಳು ಅದರ ಪುಡಿ ಕೊಟ್ಟು ನೋಡಿದರು. 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಕಾಣಲಿಲ್ಲ ಎಂದು 1988ರಲ್ಲಿ ವರದಿ ಬಂತು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ ಆ ತಂಡದಲ್ಲಿದ್ದರು. ದೊಡ್ಡ ಆಸೆ ಹುಟ್ಟಿತ್ತು. ಆದರೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲಿತಾಂಶ ಮತ್ತೆ ಸಿಗಲಿಲ್ಲ. ಕಾಮಾಲೆಗೆ ನೆಲನೆಲ್ಲಿ ಕೊಟ್ಟು ವಾಸಿಯಾದವರನ್ನು ನೀವೂ ಕಂಡಿರುತ್ತೀರಿ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಪ್ಪನವರದ್ದು ಆ ಜಾತಿಯ ವೈರಸ್ ಅಲ್ಲ. ದೊಡ್ಡವರಾದ ಮೇಲೆ ಹೀಗೆ ಸದ್ದಿಲ್ಲದೆ ಪತ್ತೆಯಾಗುವ ಹೆಪಟೈಟಿಸ್ ಬಿ ಬಹುಪಾಲು ವರ್ಷಗಟ್ಟಲೆ ಒಳಗೇ ಇದ್ದದ್ದು.

ಅಮೃತಬಳ್ಳಿಯನ್ನು ಇವತ್ತೇ ನಿಲ್ಲಿಸಿ. 2021ರಲ್ಲಿ ಮುಂಬೈ ವೈದ್ಯರು ಅದನ್ನು ಸೇವಿಸಿದ್ದ ಆರು ಜನರಲ್ಲಿ ಲಿವರ್ ಊತ ಕಂಡ ಬಗ್ಗೆ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಯಾವುದೆಂದೇ ಸರಿಯಾಗಿ ಗುರುತಿಸಿಲ್ಲ ಎಂದಿತು. ಆಮೇಲೆ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ 43 ಜನರ ವಿವರ ಸೇರಿಸಿದ ವರದಿಯೂ ಬಂತು. ಕುಡಿದ ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಮೊದಲೇ ಲಿವರ್‌ನಲ್ಲಿ ವೈರಸ್ ಇರುವವರು ಆ ಅಪಾಯಕ್ಕೆ ಯಾಕೆ ಕೈಹಾಕಬೇಕು?

ಅಪ್ಪನವರಿಗೆ ಈಗ ಬೇಕಿರುವುದು ವೈರಸ್ ಎಷ್ಟಿದೆ ಎಂದು ನೋಡುವ ಡಿಎನ್ಎ ಪರೀಕ್ಷೆ, ಲಿವರ್ ಸ್ಥಿತಿಯ ಪರೀಕ್ಷೆ. ಅಗತ್ಯ ಇದ್ದರೆ ದಿನಕ್ಕೊಂದು ಮಾತ್ರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಅಮ್ಮ, ನೀವು, ಒಡಹುಟ್ಟಿದವರು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ. ವೈರಸ್ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ಒಟ್ಟಿಗೆ ಊಟ ಮಾಡಿದರೆ ಇದು ಹರಡುವುದಿಲ್ಲ, ಅಪ್ಪನವರ ತಟ್ಟೆ-ಲೋಟ ಬೇರೆ ಇಡಬೇಡಿ. ಶೇವಿಂಗ್ ಬ್ಲೇಡ್, ಟೂತ್‌ಬ್ರಷ್ ಮಾತ್ರ ಬೇರೆ ಇರಲಿ.

ಪ್ರಶ್ನೆ: ನನಗೆ 63. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಬೇಕೇ ಬೇಕು. ಲಿವರ್ ಹಾಳಾಗುತ್ತೆ, ಗ್ರೀನ್ ಟೀ ಮಾತ್ರೆ ತಗೋ ಎಂದು ಮಗಳು ಹೇಳುತ್ತಾಳೆ. ಏನು ಮಾಡಲಿ?
— ಓದುಗರು, ಮೈಸೂರು

ಉತ್ತರ: ಕಾಫಿ ಕುಡಿಯಿರಿ ಅಮ್ಮಾ. ದಿನಕ್ಕೆ ಎರಡು-ಮೂರು ಲೋಟ ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು, ಲಿವರ್ ಕ್ಯಾನ್ಸರ್ ಎರಡೂ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದರೆ ಅದನ್ನು ಅರ್ಧ ಚಮಚಕ್ಕೆ ತನ್ನಿ. ನಿದ್ದೆ ಕೆಡುತ್ತಿದ್ದರೆ ಮೂರನೇ ಲೋಟ ಸಂಜೆ ನಾಲ್ಕಕ್ಕೆ ಮುಂಚೆ ಮುಗಿಸಿ. ಎದೆಬಡಿತ ಜಾಸ್ತಿ ಆಗುವ ತೊಂದರೆ ಇದ್ದರೆ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ.

ಗ್ರೀನ್ ಟೀ ಮಾತ್ರೆ ಮಾತ್ರ ಬೇಡ. ಎಲೆ ಹಾಕಿ ಕುದಿಸಿ ಕುಡಿಯುವ ಟೀಗೂ, ಅದರ ಸಾರ ಇಳಿಸಿ ಮಾಡಿದ ಮಾತ್ರೆಗೂ ತುಂಬಾ ವ್ಯತ್ಯಾಸ. ಅದರಲ್ಲಿರುವ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್ ಎನ್‌ಜೈಮ್ ಏರಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಅರಿಶಿನದ ಕ್ಯಾಪ್ಸೂಲ್‌ಗೂ ಇದೇ ಮಾತು. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ಭಯ ಇಲ್ಲ. ಕಾಳುಮೆಣಸಿನ ಸಾರ ಸೇರಿಸಿ, ದೇಹ ಹತ್ತಾರು ಪಟ್ಟು ಹೀರುವಂತೆ ಮಾಡಿದ ಕ್ಯಾಪ್ಸೂಲ್ ತಗೊಂಡು ಲಿವರ್ ಊದಿಸಿಕೊಂಡವರ ವರದಿಗಳು ಅಮೆರಿಕ, ಇಟಲಿ ಎರಡೂ ಕಡೆಯಿಂದ ಬಂದಿವೆ. ಮಗಳು ಈಗಾಗಲೇ ಅಂಥ ಡಬ್ಬಿ ತಂದಿಟ್ಟಿದ್ದರೆ, ಅವರೂ ತಗೊಳ್ಳದ ಹಾಗೆ ನೋಡಿಕೊಳ್ಳಿ.