ಕೇಸೇ ನಡೆಸದೆ ದಾವಣಗೆರೆ ಡಿಸಿ ಒಬ್ಬರನ್ನು ಒಂದು ವರ್ಷ ಒಳಗಿಡಬಹುದಾ?

ಇಡಬಹುದು, ಆದರೆ ಡಿಸಿ ಒಬ್ಬರ ಸಹಿಯಿಂದಲೇ ಅಲ್ಲ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ (ಎನ್‌ಎಸ್‌ಎ) ರಾಜ್ಯ ಸರ್ಕಾರ ಅಧಿಕಾರ ಕೊಟ್ಟಿದ್ದರೆ ಜಿಲ್ಲಾಧಿಕಾರಿ ಬಂಧನದ ಆದೇಶ ಹೊರಡಿಸಬಹುದು. ಸಾಮಾನ್ಯವಾಗಿ 12 ದಿನದೊಳಗೆ ಸರ್ಕಾರ ಒಪ್ಪದಿದ್ದರೆ ಆ ಆದೇಶ ಬಿದ್ದುಹೋಗುತ್ತದೆ. ಹೆಚ್ಚೆಂದರೆ 12 ತಿಂಗಳು ಇಡಬಹುದು.

ವಿಚಾರಣೆ ಯಾಕಿಲ್ಲ? ಇದು ಮಾಡಿದ ತಪ್ಪಿಗೆ ಶಿಕ್ಷೆಯಲ್ಲ, ಮುಂದೆ ಮಾಡಬಹುದೆಂದು ಮೊದಲೇ ತಡೆಯುವುದು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕೆಂಬ ನಿಯಮ ಇಂಥ ಬಂಧನಕ್ಕಿಲ್ಲ ಎಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ.

ಹಾಗಂತ ಸುಮ್ನೆ ಯಾರ ಮೇಲೂ ಹಾಕುವಂತಿಲ್ಲ. ಪಿ.ಬಿ. ರಸ್ತೆಯಲ್ಲಿ ಇಬ್ಬರು ಹೊಡೆದಾಡಿದರೆ ಅದಕ್ಕೆ ಮಾಮೂಲಿ ಪೊಲೀಸ್ ಕೇಸು ಸಾಕು. ಅದೇ ಜಗಳಕ್ಕೆ ಹೆದರಿ ಇಡೀ ಮಂಡಿಪೇಟೆ ಬಾಗಿಲು ಹಾಕಿತು, ಜನ ಹೊರಗೆ ಬರಲಿಲ್ಲ ಅಂದರೆ ಮಾತ್ರ ‘ಸಾರ್ವಜನಿಕ ಸುವ್ಯವಸ್ಥೆ’ಗೆ ಧಕ್ಕೆ. ಈ ಗೆರೆಯನ್ನು ರಾಮ್ ಮನೋಹರ ಲೋಹಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆದಿದೆ.

ಬಂಧನದ ಕಾರಣವನ್ನು ಸಾಮಾನ್ಯವಾಗಿ 5 ದಿನದೊಳಗೆ ತಿಳಿಸಬೇಕು. 3 ವಾರದೊಳಗೆ ವಿಷಯ ಸಲಹಾ ಮಂಡಳಿ, ಅಂದರೆ ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಎಂದು ನೋಡುವ ಮಂಡಳಿ, ಮುಂದೆ ಹೋಗಬೇಕು. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಬಂಧಿತರಿಗಿಲ್ಲ. ನನ್ನ ಪ್ರಕಾರ ಇಡೀ ಕಾಯ್ದೆಯಲ್ಲಿ ಜಾಸ್ತಿ ಅನ್ಯಾಯ ಆಗುವುದು ಇಲ್ಲೇ. ಓದು ಬರಹ ಬಾರದವರು ಅಧಿಕಾರಿಗಳ ಕಡತಕ್ಕೆ ಒಬ್ಬರೇ ಏನು ಉತ್ತರ ಕೊಟ್ಟಾರು? ಮನೆಯವರು ತಡಮಾಡದೆ ಬೆಂಗಳೂರಿನ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಅಕ್ರಮ ಬಂಧನದಿಂದ ಬಿಡಿಸಿ ಎಂದು ಕೇಳುವ ಅರ್ಜಿ, ಹಾಕಬಹುದು.