ತಮ್ಮನ ಮಗನಿಗೆ ಆಟಿಸಂ, ನಾನೇನು ಮಾಡ್ಬಹುದು?

ಪ್ರಶ್ನೆ: ನಾವಿರೋದು ಡೊಂಬಿವಲಿಯಲ್ಲಿ, ತಮ್ಮನ ಮನೇನೂ ಇಲ್ಲೇ ಹತ್ರ. ಅವನ ಮಗನಿಗೆ ನಾಲ್ಕು ವರ್ಷ, ಹೋದ ವರ್ಷ ಡಾಕ್ಟ್ರು ಆಟಿಸಂ ಅಂದ್ರು. ಊರಿಂದ ಅಮ್ಮ ಫೋನ್ ಮಾಡಿದಾಗೆಲ್ಲ ಮೊಬೈಲ್ ಕೊಟ್ಟು ಮಗು ಹಾಳು ಮಾಡಿದೆ ಅಂತ ಸೊಸೆಗೆ ಬಯ್ತಾರೆ. ಮನೇಲಿ ಕನ್ನಡ, ಕೆಳಗೆ ಮರಾಠಿ, ಸ್ಕೂಲಲ್ಲಿ ಇಂಗ್ಲಿಷ್, ಅದಕ್ಕೇ ಮಾತು ಬರ್ತಿಲ್ಲ, ಕನ್ನಡ ಬಿಡಿ ಅಂತ ಬೇರೆ ಯಾರೋ ಹೇಳಿದಾರೆ. ತಮ್ಮನ ಹೆಂಡ್ತಿ ಈಗ ಯಾವ ಫಂಕ್ಷನ್ನಿಗೂ ಬರಲ್ಲ. ನಾನು ಹೇಗೆ ಸಹಾಯ ಮಾಡ್ಲಿ?

ಉತ್ತರ: ಮೊದಲು ನಿಮ್ಮ ಅಮ್ಮನ ಹತ್ರ ಮಾತಾಡಿ, ಸೊಸೆ ಹೇಳಿದ್ರೆ ಎದುರುತ್ತರ ಆಗತ್ತೆ, ಮಗಳು ಹೇಳಿದ್ರೆ ಕೇಳ್ತಾರೆ. ಆಟಿಸಂ ಮೊಬೈಲಿಂದ ಬರೋದಲ್ಲ, ಬೆಳೆಸಿದ ರೀತಿಯಿಂದ ಅಲ್ಲ, ಲಸಿಕೆಯಿಂದ್ಲೂ ಅಲ್ಲ, ಮಿದುಳು ಬೆಳೆಯೋ ರೀತೀಲೇ ಇರೋ ವ್ಯತ್ಯಾಸ, ಅದ್ರಲ್ಲಿ ವಂಶವಾಹಿಗಳ ಪಾಲು ದೊಡ್ಡದು. (ಹಾಗಂದ ಕೂಡ್ಲೇ ಯಾರ ಕಡೆಯಿಂದ ಬಂತು ಅಂತ ಲೆಕ್ಕ ಹಾಕೋಕೆ ಕೂರ್ಬೇಡಿ ಮತ್ತೆ!) ತಾಯಿ ಪ್ರೀತಿ ಸಾಲ್ದೆ ಹೀಗಾಗತ್ತೆ ಅಂತ ಅಮೆರಿಕದಲ್ಲಿ ಡಾಕ್ಟ್ರುಗಳೇ ಹೇಳ್ತಿದ್ದ ಕಾಲ ಇತ್ತು, 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನೋ ಮನಶ್ಶಾಸ್ತ್ರಜ್ಞ ಅದು ತಪ್ಪು ಅಂತ ವಾದ ಮಾಡಿ ಬರೆದ್ರು, ಅವರೂ ಆಟಿಸಂ ಇರೋ ಹುಡುಗನ ಅಪ್ಪನೇ.

ಕನ್ನಡ ದಯವಿಟ್ಟು ಬಿಡಿಸ್ಬೇಡಿ. ಎರಡು ಭಾಷೆ ಕೇಳ್ಕೊಂಡು ಬೆಳೆಯೋ ಆಟಿಸಂ ಮಕ್ಕಳನ್ನೂ ಒಂದೇ ಭಾಷೆಯವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಎರಡನೇ ಭಾಷೆಯಿಂದ ಮಾತು ಹಿಂದೆ ಬಿತ್ತು ಅಂತ ಕಂಡಿಲ್ಲ. ಬಿಟ್ರೆ ಆಗೋದೇನು ಅಂದ್ರೆ, "ಬಾ ಪುಟ್ಟಾ, ಹಾಲು ಬಿಸಿ ಇದೆ, ಊದ್ಲಾ?" ಅಂತ ದಿನವಿಡೀ ಮಾತಾಡ್ತಿದ್ದ ತಾಯಿ "ಕಮ್, ಸಿಟ್, ಡ್ರಿಂಕ್" ಅಂತ ಮೂರು ಶಬ್ದಕ್ಕೆ ಬಂದು ನಿಲ್ತಾಳೆ. ಸ್ಪೀಚ್ ಥೆರಪಿಸ್ಟಿಗೆ ಕನ್ನಡ ಬರದಿದ್ರೆ ಹುಡುಗನಿಗೆ ಅರ್ಥ ಆಗೋ ಕನ್ನಡ ಪದಗಳನ್ನ ಪಟ್ಟಿ ಮಾಡಿ, ಪಕ್ಕದಲ್ಲಿ ಮರಾಠಿ ಅರ್ಥ ಬರೆದು ಕೊಡಿ, ಅವನು "ನೀ" ಅಂದ್ರೆ ನೀರು ಕೇಳ್ತಿದಾನೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು ಹೇಳಿ.

ಇನ್ನು ಸಹಾಯ. ಏನಾದ್ರೂ ಬೇಕಿದ್ರೆ ಹೇಳು ಅನ್ಬೇಡಿ, ಯಾರೂ ಕೇಳಲ್ಲ. ಶನಿವಾರ ಸಂಜೆ ಎರಡು ಗಂಟೆ ನನ್ನದು ಅಂತ ನೀವೇ ಹೇಳ್ಬಿಡಿ. ಮೊದಲ ಕೆಲವು ವಾರ ತಾಯಿ ಜೊತೆಗೇ ಕೂತು ನೋಡಿ, ಮಿಕ್ಸಿ ಹಾಕೋ ಮುಂಚೆ ಅವನಿಗೆ ಹೇಳ್ಬೇಕಾ, ಸಾಲಾಗಿ ಜೋಡಿಸಿಟ್ಟ ಬಾಟಲಿ ಮುಚ್ಚಳ ಮುಟ್ಟಿದ್ರೆ ಏನಾಗತ್ತೆ, ಕಿವಿ ಮುಚ್ಕೊಂಡ್ರೆ ಯಾವ ರೂಮಿಗೆ ಕರ್ಕೊಂಡು ಹೋಗ್ಬೇಕು, ಇದೆಲ್ಲ ಗೊತ್ತಾದ್ಮೇಲೆ ಅವಳನ್ನ ಹೊರಗೆ ಕಳ್ಸಿ ಇಲ್ಲಾ ಸುಮ್ನೆ ನಿದ್ದೆ ಮಾಡೋಕೆ ಬಿಡಿ. ಆ ಹೊತ್ತಲ್ಲಿ ಯೂಟ್ಯೂಬಲ್ಲಿ ನೋಡಿದ ಡಯಟ್ಟು, ಔಷಧಿ ವಿಷ್ಯ ಎತ್ತಲೇಬೇಡಿ.

ಫಂಕ್ಷನ್ನಿಗೆ ಕರೆಯೋದು ನಿಲ್ಲಿಸ್ಬೇಡಿ, ಆದ್ರೆ ಕರೆಯೋ ರೀತಿ ಬದಲಾಯಿಸಿ. ಜನ ಸೇರೋ ಮುಂಚೆ ಬರ್ಲಿ, ಒಂದು ರೂಮ್ ಖಾಲಿ ಇಡಿ, ಅವನಿಗೆ ಮೊದಲೇ ಊಟ ಕೊಡಿ, ಎಲ್ಲರ ಕಾಲಿಗೂ ಬೀಳು ಅಂತ ಎಳೀಬೇಡಿ. ಗಣಪತಿ ಮೆರವಣಿಗೆ ಢೋಲ್ ತಾಶಾ ದೊಡ್ಡವರಿಗೇ ತಡ್ಕೊಳ್ಳೋಕಾಗಲ್ಲ, ಅವತ್ತು ಬರ್ಲಿಲ್ಲ ಅಂದ್ರೆ ಮುಖ ಸಣ್ಣ ಮಾಡ್ಕೋಬೇಡಿ.

ಕಾಗದ ಪತ್ರದ ಕೆಲಸ ನಿಮ್ಮ ಮನೆಯವ್ರು ವಹಿಸ್ಕೊಂಡ್ರೆ ದೊಡ್ಡ ಉಪಕಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಆಟಿಸಂ ಸೇರಿದೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಸ್ವಾವಲಂಬನ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೇಲಿ ಪರೀಕ್ಷೆ ಮಾಡಿಸ್ಬೇಕು. ಸರ್ಟಿಫಿಕೇಟಲ್ಲಿ ಅಂಗವೈಕಲ್ಯ ಶೇಕಡಾ 40 ಅಥವಾ ಮೇಲೆ ಇದ್ರೆ ಹೆಚ್ಚಿನ ಸೌಲಭ್ಯ ಸಿಗತ್ತೆ. ಆಮೇಲೆ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡ್ಸಿ, ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಇರತ್ತೆ, ಥೆರಪಿ ಖರ್ಚೂ ಅದರ ಮಿತಿಯಲ್ಲಿ ಸೇರತ್ತೆ. ಮುಂಬೈಯಲ್ಲಿ ಫೋರಂ ಫಾರ್ ಆಟಿಸಂ ಅಂತ ತಂದೆತಾಯಂದಿರದ್ದೇ ಗುಂಪಿದೆ, ತಮ್ಮನನ್ನೂ ಅವರ ಜೊತೆ ಮಾತಾಡಿಸಿ, ಇಂಥ ವಿಷ್ಯದಲ್ಲಿ ಅಪ್ಪಂದಿರು ಆಫೀಸ್ ನೆಪ ಹೇಳಿ ಜಾರ್ಕೊಳ್ಳೋದೇ ಜಾಸ್ತಿ.